ಡಬ್ಬಿ ಖಾಲಿ ಮಾಡಿ

ಮೊಣಕಾಲು ನೆಲಕ್ಕೂರದೆ ಆ ಯಂತ್ರದ ತಳ ನೋಡುವ ದಾರಿ ಏನಾದರೂ ಇದೆಯೇ ಎಂದು ಬೊಗುಮಿಲ್ ರತಾಯ್‌ಚಾಕ್ ಟ್ರಾಮ್ ಹತ್ತಿದಾಗಿನಿಂದ ಯೋಚಿಸುತ್ತಿದ್ದ. ಇಲ್ಲವೆಂದು ಅವನಿಗೆ ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಪೊಜ್ನಾನ್ ನಗರದ ಅಡುಗೆಮನೆ, ಬಚ್ಚಲುಮನೆಗಳ ನೆಲದ ಮೇಲೆ ಮಲಗಿ ಎದ್ದ ಮನುಷ್ಯ. ಯಾವ ಯಂತ್ರದ ಯಾವ ಸ್ಕ್ರೂ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಬಟ್ಟೆ ಒಣಗಿಸುವ ಡ್ರೈಯರು ಬಿಸಿ ಗಾಳಿಯಿಂದ ಬಟ್ಟೆಯ ತೇವ ಹೀರಿ, ಆ ಆವಿಯನ್ನು ತಣಿಸಿ ನೀರಾಗಿಸಿ, ತಳದ ಪುಟ್ಟ ತೊಟ್ಟಿಗೆ ಇಳಿಸುತ್ತದೆ. ಅಲ್ಲಿಂದ ಪಂಪು ಅದನ್ನು ಮೇಲಿನ ಡಬ್ಬಿಗೆ ಏರಿಸುತ್ತದೆ. ಡಬ್ಬಿ ತುಂಬಿತೆಂದರೆ ಕೆಂಪು ದೀಪ ಹತ್ತುತ್ತದೆ, ಡಬ್ಬಿ ಖಾಲಿ ಮಾಡಿ ಎಂದು. ಇಷ್ಟೇ. ಆದರೆ ಆ ತೊಟ್ಟಿ ಇರುವುದು ನೆಲದಿಂದ ನಾಲ್ಕು ಬೆರಳು ಮೇಲೆ, ಹಿಂಬದಿಯಲ್ಲಿ. ಅಲ್ಲಿಗೆ ಕೈ ಹೋಗಬೇಕಾದರೆ ಮೊದಲು ಮಂಡಿಯೂರಬೇಕು, ಆಮೇಲೆ ಒಂದು ಕೆನ್ನೆಯನ್ನು ನೆಲಕ್ಕೆ ಹಚ್ಚಬೇಕು, ಎಲ್ಲ ಮುಗಿದ ಮೇಲೆ ಎದ್ದು ನಿಲ್ಲಬೇಕು. ಈ ಏಳುವ ಕೆಲಸವೇ ಎರಡು ವರ್ಷದಿಂದ ಅವನ ಕೈಮೀರಿತ್ತು. ಯಾರಿಗೂ ಹೇಳಿರಲಿಲ್ಲ. ಧೂಳು ಬರುತ್ತದೆ, ನೀವು ಆಚೆ ಕೂತಿರಿ ಎಂದು ಮನೆಯವರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಬಟ್ಟೆ ಒಗೆಯುವ ಯಂತ್ರದ ಅಂಚೋ ಬಚ್ಚಲ ತೊಟ್ಟಿಯ ಅಂಚೋ ಹಿಡಿದು, ಹಲ್ಲು ಕಚ್ಚಿಕೊಂಡು ಏಳುತ್ತಿದ್ದ. ಎದ್ದ ಮೇಲೆ ಒಂದು ನಿಮಿಷ ಸುಮ್ಮನೆ ಸ್ಪ್ಯಾನರುಗಳ ಸದ್ದು ಮಾಡುತ್ತ ನಿಲ್ಲುತ್ತಿದ್ದ, ಮುಖದ ಬಣ್ಣ ವಾಪಸು ಬರುವ ತನಕ.

ಬೆಳಗ್ಗೆ ಫೋನು ಮಾಡಿದವಳು ಲುಚಿನಾ, ಒಗೆದ ಬಟ್ಟೆಯನ್ನು ಬಿಸಿ ಉರುಳೆಗಳ ನಡುವೆ ಹಾಯಿಸಿ ಇಸ್ತ್ರಿ ಮಾಡಿಕೊಡುವ ಉರುಳೆ ಅಂಗಡಿಯ ಪೆಲಾಗಿಯಾ ಅವರ ಮಗಳು. ಹಲ್ಲಿನ ಡಾಕ್ಟರ ಬಳಿ ಸ್ವಾಗತದ ಮೇಜಿನಲ್ಲಿ ಕೂರುವವಳು, ಹಾಗಾಗಿ ಯಾರಿಗೂ ನೋವಾಗದಂತೆ ಕೆಟ್ಟ ಸುದ್ದಿ ಹೇಳುವ ದನಿ ಅವಳಿಗೆ ರೂಢಿಯಾಗಿದೆ. ನಿನ್ನೆ ಡ್ರೈಯರಿನ ದೀಪ ಮತ್ತೆ ಹತ್ತಿತ್ತು ಎಂದಳು. ಯಂತ್ರದಲ್ಲಿ ದೋಷವೇನೂ ಇಲ್ಲವೆಂದು ನನಗೆ ಗೊತ್ತು, ಅಕ್ಟೋಬರಿನಲ್ಲಿ ನೀವೇ ಹೇಳಿದಿರಲ್ಲ. ಆದರೆ ಅಮ್ಮ ಒಪ್ಪುತ್ತಿಲ್ಲ, ಡಬ್ಬಿ ಖಾಲಿ ಮಾಡಿದ್ದೇನೆ ಎಂದೇ ಹಟ ಹಿಡಿದಿದ್ದಾಳೆ. ಇವತ್ತು ನಾಲ್ಕು ಗಂಟೆಗೆ ಉರುಳೆ ಯಂತ್ರ ಕೊಳ್ಳಲೆಂದು ನೋಡಲು ಒಬ್ಬರು ಬರುತ್ತಿದ್ದಾರೆ, ಒಪ್ಪಿಗೆಯಾದರೆ ತಿಂಗಳ ಕೊನೆಗೆ ಅಂಗಡಿ ಮುಚ್ಚುವುದು. ಅದಕ್ಕೆ ಮುಂಚೆ ನೀವು ಒಮ್ಮೆ ಬಂದು, ಅಂದು ನನಗೆ ಹೇಳಿದ್ದನ್ನು ಅಮ್ಮನ ಎದುರಿಗೆ ಹೇಳಬೇಕು. ನಿಮ್ಮ ಮಾತೆಂದರೆ ಅವಳಿಗೆ ಬೆಲೆ. ಬೊಗುಮಿಲ್ ಆಗಲಿ ಎಂದ. ಆಗಲಿ ಎಂದ ಮೇಲೆ ಚಹಾ ಲೋಟವನ್ನು ತೊಳೆದು, ಇನ್ನೊಮ್ಮೆ ತೊಳೆದ. ಏನು ಕಳೆದುಕೊಂಡಿರಿ ಎಂದು ಹೆಂಡತಿ ಕೇಳಿದಾಗ ಕನ್ನಡಕ ಎಂದ. ಕನ್ನಡಕ ಮೂಗಿನ ಮೇಲೇ ಇತ್ತು.

ಅಕ್ಟೋಬರಿನಲ್ಲಿ ಅವನು ತಳ ನೋಡಿರಲಿಲ್ಲ. ಅದು ನಿಜ, ಅದನ್ನು ಎಷ್ಟು ಕಡೆಯಿಂದ ತಿರುಗಿಸಿ ನೋಡಿದರೂ ನಿಜವೇ. ಅಂದು ಹೊರಗೆ ಜಿಟಿಜಿಟಿ ಮಳೆ, ಅವನ ಎಡ ಮಂಡಿ ಬೆಳಗಿನಿಂದ ಉರಿಯುತ್ತಿತ್ತು. ಆ ಪುಟ್ಟ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರೂ ಅಂಗೈ ಅಗಲದಲ್ಲಿ ನಿಂತಿದ್ದರು. ಹೊರಗೆ ಕಳಿಸಲು ಹೊರಗೆಂಬುದೇ ಇರಲಿಲ್ಲ, ಆಚೆ ಕೋಣೆ ತುಂಬ ಊರವರ ಮೇಜುಬಟ್ಟೆಗಳು. ಹಿಡಿದು ಏಳಲು ಆಧಾರವೆಂದರೆ ಒಂದೋ ಗ್ಯಾಸ್ ಒಲೆ, ಇಲ್ಲವೇ ಲುಚಿನಾಳ ಸೊಂಟ. ಡಬ್ಬಿ ಎಳೆದ, ನೋಡಿದ, ತಳ್ಳಿದ, ಖಾಲಿ ಯಂತ್ರವನ್ನು ಹತ್ತು ನಿಮಿಷ ಓಡಿಸಿದ. ದೀಪ ಹತ್ತಲಿಲ್ಲ. ಬಟ್ಟೆಯೇ ಇಲ್ಲದ ಮೇಲೆ ನೀರೆಲ್ಲಿಂದ ಬರಬೇಕು, ದೀಪ ಯಾಕೆ ಹತ್ತಬೇಕು? ಕೆಲಸ ಕಲಿಯುವವರೂ ಮಾಡದ ತಪ್ಪು. ಅಷ್ಟರಲ್ಲಿ ಪೆಲಾಗಿಯಾ ಒಂದು ಮಾತು ಕೇಳಿದ್ದರು. ನಾಲ್ಕು ಹಾಸಿಗೆ ಹೊದಿಕೆ ಹಾಕ್ತೀನಿ ಮೇಸ್ತ್ರಿಗಳೇ, ಅದರಲ್ಲಿ ಎರಡು ಲೀಟರ್ ಮೇಲೆ ನೀರಿರತ್ತೆ ಅಂತ ನನ್ನ ಕೈ ಹೇಳತ್ತೆ, ಡಬ್ಬಿಗೆ ಬರೋದು ಅರ್ಧ. ಮಿಕ್ಕಿದ ನೀರು ಎಲ್ಲಿಗೆ ಹೋಯ್ತು? ಅವನು ನಕ್ಕಿದ್ದ. ಗಾಳಿಗೆ ಹೋಯ್ತು ಅಮ್ಮ ಎಂದಿದ್ದ. ಆಮೇಲೆ ಬಾಗಿಲ ಹೊರಗೆ, ಬೂಟಿನ ದಾರ ಕಟ್ಟಲು ಬಗ್ಗಲಾಗದೆ ಕಾಲನ್ನು ಮೆಟ್ಟಿಲ ಮೇಲಿಟ್ಟುಕೊಂಡು, ಲುಚಿನಾಗೆ ತಗ್ಗಿದ ದನಿಯಲ್ಲಿ ಹೇಳಿದ್ದ: ಯಂತ್ರ ಚೆನ್ನಾಗಿದೆ, ಅಮ್ಮನೇ ಡಬ್ಬಿ ಖಾಲಿ ಮಾಡೋದು ಮರೀತಿರ್ಬೇಕು, ಎಂಬತ್ತು ದಾಟಿದ ಮೇಲೆ ಸಹಜ. ಸಹಜ ಎಂಬ ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು. ಅವನಿಗೆ ಕೆಲಸ ಕಲಿಸಿದ ಮುದುಕ ಹಿಯೆರೊನಿಮ್ ಬದುಕಿದ್ದಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದ. ಕೈ ಒದ್ದೆ ಆಗೋ ಮುಂಚೆ ಬಾಯಿ ಬಿಡಬ್ಯಾಡ ಎಂದು ಅವನು ದಿನಕ್ಕೆ ಮೂರು ಸಲ ಅನ್ನುತ್ತಿದ್ದ, ಬಾಯಲ್ಲಿ ಸಿಗರೇಟು, ತೋಳು ಮೊಣಕೈವರೆಗೆ ಯಾರದೋ ಮನೆಯ ಕೊಳೆನೀರಿನಲ್ಲಿ.

ವಿಲ್ದಾ ಬಡಾವಣೆಯ ನಿಲ್ದಾಣದಲ್ಲಿ ಇಳಿದು, ಅಂಗಳ ದಾಟಿ, ಅಂಗಡಿಯ ಬಾಗಿಲು ತಳ್ಳಿದಾಗ ಬೆಚ್ಚನೆಯ ಗಂಜಿಯ ವಾಸನೆ ಮುಖಕ್ಕೆ ಬಂತು. ಆ ಬಿಸಿ ಉರುಳೆ ಕೋಣೆಯ ಅರ್ಧ ನುಂಗಿಕೊಂಡು ಕೂತಿದೆ. ಅದರ ನಡುವೆ ಹಾದುಹೋದ ಮೇಜುಬಟ್ಟೆ ಇಸ್ತ್ರಿಗೆ ಜನ್ಮದಲ್ಲಿ ಬಾರದ ಹೊಳಪು ಹೊತ್ತು ಆಚೆ ಬರುತ್ತದೆ. ಈಸ್ಟರು, ಕ್ರಿಸ್‌ಮಸ್ಸು, ಚರ್ಚಿನಲ್ಲಿ ಮಗುವಿನ ಮೊದಲ ಪ್ರಸಾದ ಎಂದರೆ ಸುತ್ತಲ ಹತ್ತು ಬೀದಿಯ ಬಟ್ಟೆ ಇಲ್ಲಿಗೇ ಬರಬೇಕು. ಬಟ್ಟೆಯ ಜೊತೆ ಹತ್ತು ಬೀದಿಯ ಸುದ್ದಿಯೂ ಇಲ್ಲಿಯೇ ಸುರುಳಿ ಬಿಚ್ಚುತ್ತದೆ. ಯಾರ ಮದುವೆ ಮುರಿಯಿತು, ಯಾರ ಗಂಡ ಕುಡಿಯುವುದು ಬಿಟ್ಟ, ಎಲ್ಲ ಕೇಳಿ ಏನನ್ನೂ ಆಚೆ ಬಿಡದ ಒಬ್ಬರೇ ಒಬ್ಬರೆಂದರೆ ಪೆಲಾಗಿಯಾ. ಐವತ್ತು ವರ್ಷ ಆಲೂಗಡ್ಡೆ ಗಂಜಿ ಕಾಸಿ, ಹೊದಿಕೆ ಅದ್ದಿ, ಹಿಂಡಿ, ಐದು ಮಹಡಿ ಹತ್ತಿ ಕಟ್ಟಡದ ಅಟ್ಟದಲ್ಲಿ ಹರವಿ, ಸರಿಯಾಗಿ ಅರೆತೇವ ಇರುವಾಗ ಇಳಿಸಿ ತಂದು ಉರುಳೆಗೆ ಕೊಟ್ಟವರು. ಎರಡು ವರ್ಷದ ಹಿಂದೆ ಕಟ್ಟಡದವರು ಅಟ್ಟವನ್ನು ಮನೆಗಳಾಗಿಸಿ ಮಾರಿಕೊಂಡರು. ಈಗ ಅಲ್ಲಿ ಗಾಜಿನ ಮಾಡು ಹಾಕಿಸಿಕೊಂಡ ಹೊಸ ಜೋಡಿಯೊಂದು ಇದೆ, ಅವರ ಮೇಜುಬಟ್ಟೆಯೂ ಕೆಳಗೆ ಇಲ್ಲಿಗೇ ಬರುತ್ತದೆ. ಅಟ್ಟ ಹೋದ ಮೇಲೆ ಲುಚಿನಾ ಈ ಡ್ರೈಯರು ಕೊಡಿಸಿದ್ದಳು.

ಉರುಳೆಯ ಸ್ವಿಚ್ಚಿನ ಪೆಟ್ಟಿಗೆಗೆ ಹೊಸ ಬೀಗ ಬಿದ್ದಿತ್ತು. ಬೊಗುಮಿಲ್‌ಗೆ ಮೊದಲು ಕಂಡದ್ದು ಅದೇ. ಬೀಗದ ಕೈ ತನ್ನ ಹತ್ತಿರ ಇದೆ ಎಂದು ಲುಚಿನಾ ಕೋಟಿನ ಜೇಬು ಮುಟ್ಟಿ ತೋರಿಸಿದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ. ಡಬ್ಬಿ ಮರೆಯುವವಳು ನಾಳೆ ಉರಿಯುವ ಉರುಳೆಯನ್ನು ಮರೆತರೆ? ಈಗ ತಾನಿದ್ದಾಗ ಮಾತ್ರ ಅಮ್ಮ ಉರುಳೆ ಮುಟ್ಟಬಹುದು, ಅಂದರೆ ಸಂಜೆ ಆರರ ಮೇಲೆ ಮತ್ತು ಶನಿವಾರ. ಅಪ್ಪನದೂ ಹೀಗೇ ಶುರುವಾದದ್ದು ಎಂದಳು. ಮೊದಲು ಮರೆತದ್ದು ಕೊಡೆ, ಆಮೇಲೆ ಮನೆಯ ಬೀದಿ, ಕೊನೆಗೆ ಮಗಳಾದ ನಾನು ಯಾರು ಅನ್ನೋದು. ಆಗ ಎಲ್ಲರೂ ಸಹಜ ಸಹಜ ಅಂದುಕೊಂಡೇ ಕೂತಿದ್ದೆವು, ಈ ಸಲ ನಾನು ಕಾಯೋದಿಲ್ಲ. ಅವಳ ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಬೊಗುಮಿಲ್‌ಗೆ ಅನಿಸಿತು. ಚೀಲದಿಂದ ತನ್ನ ಚಪ್ಪಲಿ ತೆಗೆದು, ಕಾಲು ಮೆಟ್ಟಿಲ ಮೇಲಿಟ್ಟು ಬೂಟು ಬಿಚ್ಚಿ, ಒಳಗೆ ಹೋದ.

ಪೆಲಾಗಿಯಾ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತ ಕೂತಿದ್ದರು. ಸಣ್ಣ ಹೆಂಗಸು. ಮುಂಗೈಗಳು ಮಾತ್ರ ಬೇರೆ ಯಾರದೋ ದೊಡ್ಡ ದೇಹದಿಂದ ಕಡ ತಂದಂತೆ ಅಗಲ, ಬಿಸಿನೀರಿಗೆ ಕೆಂಪಾಗಿ ಹಾಗೇ ಉಳಿದವು. ಏಪ್ರನ್ನಿನ ಅಂಚು ಗಂಜಿಯಿಂದ ರಟ್ಟಿನ ಹಾಗೆ ನಿಂತಿತ್ತು. ಬನ್ನಿ ಮೇಸ್ತ್ರಿಗಳೇ, ಮೊಸರುಗಿಣ್ಣಿನ ಜೊತೆ ಆಲೂಗಡ್ಡೆ ಇದೆ, ತಿಂದು ಹೋಗಿ ಎಂದರು. ಅವರ ದನಿ ಅಕ್ಟೋಬರಿಗಿಂತ ಮೆತ್ತಗಾಗಿತ್ತು. ಅಂದು ನೀರೆಲ್ಲಿ ಹೋಯಿತೆಂದು ಕೇಳಿದ ದನಿ ಇದಲ್ಲ. ಅವನು ಹೌದು ಹೌದು ಎನ್ನುತ್ತ ಬೇರೆಲ್ಲಾದರೂ ನೋಡೋಣವೆಂದು ಕಿಟಕಿ ಕಡೆ ತಿರುಗಿದ. ಕಿಟಕಿಯ ಕಟ್ಟೆಯ ಮೇಲೆ ಜಾಡಿಗಳು ಸಾಲಾಗಿ ನಿಂತಿದ್ದವು, ಸೌತೆಕಾಯಿ ಉಪ್ಪಿನಕಾಯಿ, ಪ್ಲಮ್ ಹಣ್ಣಿನ ಪಾಕ ಹಾಕುವ ಲೀಟರಿನ ಗಾಜಿನ ಜಾಡಿಗಳು, ಎಲ್ಲಕ್ಕೂ ಬಿಗಿಯಾದ ಮುಚ್ಚಳ, ಎಲ್ಲದರ ಮೇಲೂ ಚೀಟಿ. ಒಳಗೆ ಹಣ್ಣಿಲ್ಲ, ಸೌತೆಯಿಲ್ಲ. ಬರಿಯ ನೀರು.

ಇದೊಂದು ಹೊಸದು ಎಂದು ಲುಚಿನಾ ಅವನ ಹಿಂದಿನಿಂದ ಮೆಲ್ಲಗೆ ಹೇಳಿದಳು. ಡಾಕ್ಟರಿಗೆ ತೋರಿಸಲು ಫೋಟೊ ತೆಗೆದಿಟ್ಟಿದ್ದಾಳಂತೆ. ಅಮ್ಮ ನೀರನ್ನೇ ಉಪ್ಪಿನಕಾಯಿ ಹಾಕುತ್ತಿದ್ದಾಳೆ ಎಂದಳು.

"ನಿನ್ನ ಹಲ್ಲಿನ ಡಾಕ್ಟರಿಗೆ ತೋರಿಸ್ಬೇಡ, ಅವನು ಅದಕ್ಕೂ ಕ್ಲಿಪ್ಪು ಹಾಕ್ತಾನೆ," ಎಂದರು ಪೆಲಾಗಿಯಾ, ಆಲೂಗಡ್ಡೆಯಿಂದ ಕಣ್ಣೆತ್ತದೆ. ಆಮೇಲೆ ಬೊಗುಮಿಲ್‌ಗೆ, ಅಷ್ಟು ತಮಾಷೆಯಿಲ್ಲದ ದನಿಯಲ್ಲಿ: "ದೀಪ ಹತ್ತಿದಾಗೆಲ್ಲ ಡಬ್ಬೀಲಿ ಎಷ್ಟಿತ್ತೋ ಅಷ್ಟನ್ನೂ ಜಾಡಿಗೆ ಸುರಿದು ತಾರೀಕು ಬರೆದಿಟ್ಟಿದೀನಿ. ಖಾಲಿ ಮಾಡಿದೆ ಅನ್ನೋಕೆ ಸಾಕ್ಷಿ ಬೇಕಲ್ಲ."

ಅವನು ಹತ್ತಿರ ಹೋದ. ಹದಿನೇಳು ಜಾಡಿ. ಚೀಟಿಗಳ ಮೇಲೆ ಪೆನ್ಸಿಲಿನ ದುಂಡು ಅಕ್ಷರ, ಪ್ಲಮ್ಮಿನ ಜಾಡಿಯ ಮೇಲೆ ಬರೆಯುವಷ್ಟೇ ಓರಣವಾಗಿ: ಇಂಥ ದಿನ, ಇಷ್ಟು ಗಂಟೆ, ನಾಲ್ಕು ಹೊದಿಕೆ, ಇಂಥ ದಿನ, ಮೂರು ಹೊದಿಕೆ ಎರಡು ಮೇಜುಬಟ್ಟೆ. ಎಡಗಡೆಯ ಮೊದಲ ಜಾಡಿ ಅಕ್ಟೋಬರಿನದು, ಕುತ್ತಿಗೆಯ ತನಕ ನೀರು. ಅದರ ಪಕ್ಕದ್ದು ಒಂದು ಬೆರಳು ಕಡಿಮೆ. ನವೆಂಬರಿನವು ಮುಕ್ಕಾಲು. ಕ್ರಿಸ್‌ಮಸ್ಸಿನ ಹೊತ್ತಿಗೆ, ಕೆಲಸ ಎರಡರಷ್ಟಾಗುವ ಆ ದಿನಗಳಲ್ಲಿ, ಅರ್ಧ. ಜನವರಿಯಲ್ಲಿ ಕಾಲು. ನಿನ್ನೆಯ ಜಾಡಿಯಲ್ಲಿ ತಳ ಮುಚ್ಚುವಷ್ಟು. ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಕೊನೆಯವುಗಳಲ್ಲಿ ನೀರು ತಿಳಿಯಿರಲಿಲ್ಲ, ಹಾಲು ತೊಳೆದ ಲೋಟದ ನೀರಿನಂತೆ ಮಬ್ಬು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಯಂತ್ರದ ರೋಗವನ್ನು ಇಷ್ಟು ಸ್ಪಷ್ಟವಾಗಿ ಯಾರಾದರೂ ಬರೆದಿಟ್ಟದ್ದನ್ನು ಅವನು ನೋಡಿರಲಿಲ್ಲ. ಕಂಪನಿಯ ತರಬೇತಿಯಲ್ಲಿ ಟೈ ಕಟ್ಟಿದ ಹುಡುಗರು ಗೋಡೆಯ ಮೇಲೆ ಬಣ್ಣಬಣ್ಣದ ಗೆರೆ ಎಳೆದು ತೋರಿಸುತ್ತಿದ್ದರು, ಇಲ್ಲಿ ಎಂಬತ್ತೊಂದರ ಹೆಂಗಸು ಉಪ್ಪಿನಕಾಯಿ ಜಾಡಿಗಳಲ್ಲಿ ಅದನ್ನೇ ತೋರಿಸಿದ್ದಾರೆ. ಡಬ್ಬಿ ತುಂಬಿದ ದಿನಗಳಲ್ಲಲ್ಲ, ಡಬ್ಬಿ ಖಾಲಿಯಿರುವ ದಿನಗಳಲ್ಲಿ ದೀಪ ಹತ್ತಿದೆ. ಬಟ್ಟೆ ಅಷ್ಟೇ, ನೀರು ದಿನದಿಂದ ದಿನಕ್ಕೆ ಕಡಿಮೆ. ಎಂದರೆ ನೀರು ಮೇಲೆ ಏರುತ್ತಲೇ ಇಲ್ಲ, ತಳದ ತೊಟ್ಟಿಯಲ್ಲೇ ನಿಲ್ಲುತ್ತಿದೆ. ತೊಟ್ಟಿ ತುಂಬಿದರೆ ಒಳಗಿನ ಬೆಂಡು ತೇಲಿ ದೀಪ ಹತ್ತಿಸುತ್ತದೆ. ಮೂಢ ದೀಪಕ್ಕೆ ತೊಟ್ಟಿ ಯಾವುದು ಡಬ್ಬಿ ಯಾವುದು ಗೊತ್ತಿಲ್ಲ, ಅದು ಕಲಿತದ್ದು ಒಂದೇ ಮಾತು.

ಬೆಳಗ್ಗೆ ನೆಲ ಒದ್ದೆ ಇರುತ್ತದೆಯೇ ಎಂದು ಅವನು ಕೇಳಿದ. ಪೆಲಾಗಿಯಾ ಚಾಕುವನ್ನು ನಿಲ್ಲಿಸಿದರು. ಉತ್ತರ ಕೊಟ್ಟವಳು ಲುಚಿನಾ: ಇರುತ್ತದೆ, ವಾರಕ್ಕೊಮ್ಮೆಯಾದರೂ, ಯಂತ್ರದ ಕೆಳಗೆ ಅಂಗೈಯಗಲ, ಡಬ್ಬಿ ಎತ್ತಿಕೊಂಡು ಹೋಗುವಾಗ ಅಮ್ಮನ ಕೈ ನಡುಗಿ ಚೆಲ್ಲುತ್ತದೆ, ನಾನೇ ಒರೆಸುತ್ತೇನೆ. ಒರೆಸುವ ಹೊತ್ತಿಗೆ ದೀಪ ಆರಿರುತ್ತದೆಯೇ? ಆರಿರುತ್ತದೆ. ಅದನ್ನು ಹೇಳುವಾಗ ಅವಳ ದನಿ ಸ್ವಲ್ಪ ಎಡವಿತು, ಮೆಟ್ಟಿಲಿದೆ ಎಂದುಕೊಂಡ ಕಡೆ ಮೆಟ್ಟಿಲಿಲ್ಲದವಳ ಹಾಗೆ. ಬೊಗುಮಿಲ್ ಗೋಡೆಯ ಗಡಿಯಾರ ನೋಡಿದ. ಎರಡೂ ಮುಕ್ಕಾಲು. ಈಗಲೂ ಒಂದು ದಾರಿ ಇತ್ತು. ಪಂಪು ಹೋಗಿದೆ, ಅಕ್ಟೋಬರಿನಲ್ಲಿ ಚೆನ್ನಾಗಿತ್ತು, ಆಮೇಲೆ ಕೆಟ್ಟಿದೆ ಎಂದು ಹೇಳಿ ನಾಳೆ ಬರುತ್ತೇನೆಂದು ಹೊರಡಬಹುದು. ಅಕ್ಟೋಬರಿನ ಮಾತು ಅಕ್ಟೋಬರಿನಲ್ಲಿ ನಿಜವಾಗಿಯೇ ಉಳಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ? ಅವನು ಆ ದಾರಿಯನ್ನು ಒಂದು ಕ್ಷಣ ನೋಡಿದ. ಚೆನ್ನಾಗಿ ಗುಡಿಸಿಟ್ಟ, ಯಾರೂ ಇಲ್ಲದ ದಾರಿ. ಆದರೆ ಆ ಮೊದಲ ಜಾಡಿಯ ಚೀಟಿಯ ಮೇಲಿನ ತಾರೀಕು ಅವನು ಅಂದು ಬಂದು ಹೋದ ಮಾರನೆಯ ದಿನದ್ದು. ಅವನು ಆ ಮಾತು ಹೇಳಿದ ಮಾರನೆಯ ಬೆಳಗ್ಗೆ ಈ ಹೆಂಗಸು ಅಲಮಾರಿಯಿಂದ ಖಾಲಿ ಜಾಡಿ ತೆಗೆದಿದ್ದಾರೆ.

ಯಾರನ್ನೂ ಹೊರಗೆ ಹೋಗಿ ಎನ್ನದೆ ಅವನು ಮಂಡಿಯೂರಿದ. ಎಡ ಮಂಡಿ ನೆಲ ಮುಟ್ಟಿದಾಗ ಕಣ್ಣಿಗೆ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟ. ಕೆನ್ನೆಯನ್ನು ತಣ್ಣನೆಯ ಹಾಸುಗಲ್ಲಿಗೆ ಹಚ್ಚಿ, ಹಿಂಬದಿಯ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪಂಪು ಹೊರಗೆಳೆದು ತೊಟ್ಟಿಗೆ ಕೈ ಹಾಕಿದ. ನೀರಿನ ಬದಲು ಬೆರಳಿಗೆ ಸಿಕ್ಕಿದ್ದು ಮೆತ್ತನೆಯ, ಜಾರುವ ಮುದ್ದೆ. ಎಳೆದಷ್ಟೂ ಬಂತು. ಬೂದು ಬಣ್ಣದ ಗಟ್ಟಿ ಅಂಟು, ನಡುನಡುವೆ ಬಟ್ಟೆಯ ಜುಂಗು. ಪಂಪಿನ ಬಾಯಿಗೆ ಅದು ಬಿರಡೆ ಹಾಕಿ ಕೂತಿತ್ತು, ಬೆಂಡಿನ ಸುತ್ತಲೂ ಕೊರಳಪಟ್ಟಿಯಾಗಿತ್ತು. ಅವನು ಅದನ್ನು ಮೂಗಿನ ಬಳಿ ತಂದ. ಗಂಜಿ. ಅಪ್ಪಟ ಆಲೂಗಡ್ಡೆ ಗಂಜಿ. ಇಡೀ ಊರಿನಲ್ಲಿ ಡ್ರೈಯರಿಗೆ ಗಂಜಿ ಹಾಕಿದ ಬಟ್ಟೆ ತುಂಬುವ ಮನೆ ಇದೊಂದೇ ಇರಬೇಕು. ಬಿಸಿಗಾಳಿಗೆ ಗಂಜಿ ಪುಡಿಯಾಗಿ, ಫಿಲ್ಟರಿನ ಕಣ್ಣು ತಪ್ಪಿಸಿ, ನೀರಿನ ಜೊತೆ ತಳಕ್ಕಿಳಿದು, ಅಲ್ಲಿ ಬೆಚ್ಚಗೆ ಮತ್ತೆ ಬೆಂದು ಅಂಟಾಗಿದೆ. ನೀರು ದಾರಿ ಕಾಣದೆ ರಾತ್ರಿಯೆಲ್ಲ ತೊಟ್ಟಿಯ ಅಂಚಿನಿಂದ ನೆಲಕ್ಕೆ ಜಿನುಗಿದೆ, ಬೆಳಗ್ಗೆ ಬೆಂಡು ಇಳಿದು ದೀಪ ತಾನೇ ಆರಿದೆ. ಸಂಜೆ ಹತ್ತಿ, ಬೆಳಗ್ಗೆ ಆರಿ, ನೆಲ ಒದ್ದೆ ಮಾಡಿ, ಒಬ್ಬ ಮುದುಕಿ ಮರೆಯುತ್ತಿದ್ದಾಳೆ ಎಂದು ಸಾಧಿಸಲು ಯಂತ್ರವೊಂದು ಇದಕ್ಕಿಂತ ಹೆಚ್ಚೇನು ಮಾಡಬೇಕಿತ್ತು? ಉಳಿದದ್ದನ್ನು ಅವನು ಮಾಡಿದ್ದ.

ಆಲೂಗಡ್ಡೆಯ ಬಟ್ಟಲಿನ ಪಕ್ಕ ಇಟ್ಟಿದ್ದ ತಟ್ಟೆ ಕೇಳಿ, ಮುದ್ದೆಯನ್ನು ಅದರಲ್ಲಿ ಹಾಕಿ, ನೆಲದಲ್ಲಿ ಕೂತೇ ಅದನ್ನು ಲುಚಿನಾಳತ್ತ ಚಾಚಿದ. ಎದ್ದು ನಿಂತು ಹೇಳಬೇಕೆಂದು ಅವನ ಮನಸ್ಸಿಗಿತ್ತು. ಕೈಗೆ ಒಲೆಯ ಅಂಚು ಸಿಕ್ಕಿತು, ಕಾಲು ಒಪ್ಪಲಿಲ್ಲ. ಎರಡನೆಯ ಸಲವೂ ಒಪ್ಪಲಿಲ್ಲ. ಇಬ್ಬರೂ ನೋಡುತ್ತಿದ್ದರು. ಯಾವುದನ್ನು ತಪ್ಪಿಸಿಕೊಳ್ಳಲು ಅಂದು ಆ ಮಾತು ಹೇಳಿದ್ದನೋ ಅದು ಈಗ ಅವನಿಗೆ ಆಗುತ್ತಿತ್ತು, ಮತ್ತು ಅದು ಅವನು ಹೆದರಿದ್ದಷ್ಟು ದೊಡ್ಡದೇನೂ ಆಗಿರಲಿಲ್ಲ. ಇಬ್ಬರು ಹೆಂಗಸರು, ಒಂದು ತಟ್ಟೆ, ನೆಲದ ಮೇಲೆ ಕೂತ ಅರವತ್ತರ ಒಬ್ಬ ದಪ್ಪ ಮನುಷ್ಯ.

"ನಿಮ್ಮಮ್ಮ ಮರೆತಿರ್ಲಿಲ್ಲ," ಎಂದ. "ಒಂದು ದಿನಾನೂ ಮರೆತಿರ್ಲಿಲ್ಲ. ಪ್ರತಿಸಲ ಖಾಲಿ ಮಾಡಿದಾರೆ. ನೀರು ಡಬ್ಬಿಗೇ ಹೋಗ್ತಿರ್ಲಿಲ್ಲ. ನೆಲ ಒದ್ದೆ ಮಾಡಿದ್ದೂ ಅವರ ಕೈಯಲ್ಲ, ಇದು."

ಲುಚಿನಾ ತಟ್ಟೆ ನೋಡಿದಳು, ಜಾಡಿಗಳನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಮತ್ತೆ ಅಕ್ಟೋಬರಿನಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದಳು. ನಾನು ಬೀಗ ಹಾಕಿದೆ. ನಾಲ್ಕು ತಿಂಗಳು ಅವಳ ಹಿಂದೆಯೇ ತಿರುಗಿ ಒಲೆ ನೋಡಿದೆ, ನಲ್ಲಿ ನೋಡಿದೆ, ಅವಳ ಚೀಲ ನೋಡಿದೆ. ಡಾಕ್ಟರ ಹತ್ತಿರ ಹೆಸರು ಬರೆಸಿದೆ. ನಿಮ್ಮ ಒಂದು ಮಾತಿನ ಮೇಲೆ.

"ಆವತ್ತು ನಾನು ತಳ ನೋಡ್ಲಿಲ್ಲ," ಎಂದ ಬೊಗುಮಿಲ್. ಅವನ ಕಣ್ಣಿನ ಮಟ್ಟಕ್ಕೆ ಅವಳ ಕೋಟಿನ ಗುಂಡಿಗಳಿದ್ದವು, ಅವಕ್ಕೇ ಹೇಳಿದ. "ಮಂಡಿಯೂರಿದ್ರೆ ಏಳೋಕಾಗ್ತಿರ್ಲಿಲ್ಲ. ನಿಮ್ಮ ಮುಂದೆ ನಾಚಿಕೆ ಆಯ್ತು. ಅದಕ್ಕೆ ಹಾಗಂದೆ."

ಒಲೆಯ ಮೇಲೆ ಆಲೂಗಡ್ಡೆಗೆಂದು ಇಟ್ಟಿದ್ದ ನೀರು ಕುದಿಯತೊಡಗಿತ್ತು. ಲುಚಿನಾ ಹೋಗಿ ಉರಿ ಸಣ್ಣದು ಮಾಡಬಹುದಿತ್ತು, ನಾಲ್ಕು ತಿಂಗಳಿನಿಂದ ಮಾಡುತ್ತಿದ್ದ ಹಾಗೆ. ಅವಳ ಕೈ ಅರ್ಧ ಹೋಗಿ ನಿಂತಿತು. ಪೆಲಾಗಿಯಾ ಎದ್ದು ತಾವೇ ಸಣ್ಣದು ಮಾಡಿದರು. ನಾಲ್ಕು ಗಂಟೆಗೆ ಬರುವವರಿಗೆ ಏನು ಹೇಳಲಿ ಎಂದು ಮಗಳು ಕೇಳಿದಾಗ, ಬರಲಿ, ಮನೆಯಲ್ಲಿ ಮೇಜುಬಟ್ಟೆ ಇದ್ದರೆ ತರಲಿ, ಮಂಗಳವಾರಕ್ಕೆ ಕೊಡೋಣ ಎಂದರು. ಲುಚಿನಾ ನಗಲಿಕ್ಕೆ ಹೋಗಿ ಬಾಯಿ ಸೊಟ್ಟ ಮಾಡಿಕೊಂಡು, ಫೋನು ಹಿಡಿದು ಅಂಗಳಕ್ಕೆ ಹೊರಟಳು. ಉರುಳೆಯ ಕೋಣೆ ದಾಟುವಾಗ ಅವಳು ನಿಂತದ್ದು, ತೆಗೆದ ಬೀಗ ಕಬ್ಬಿಣದ ಪೆಟ್ಟಿಗೆಗೆ ಬಡಿದದ್ದು, ಆಮೇಲೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟದ್ದು ಒಳಗೆ ಕೇಳಿಸಿತು.

ಈಗ ಏಳಿ ಎಂದರು ಪೆಲಾಗಿಯಾ. ಒಲೆ ಹಿಡಿದು ಎದ್ದರೆ ಆಗುವುದಿಲ್ಲ, ಒಲೆಗೆ ಗಾಲಿ ಇದೆ. ತಾನು ದಿನಾ ಚರ್ಚಿನಲ್ಲಿ ಮಂಡಿಯೂರಿ ಏಳುವವಳು, ಏಳುವುದಕ್ಕೊಂದು ವಿಧಾನವಿದೆ. ಮೊದಲು ಒಳ್ಳೆಯ ಕಾಲು ಮುಂದೆ, ಆಮೇಲೆ ಭಾರವೆಲ್ಲ ತೊಡೆಯ ಮೇಲೆ, ಸೊಂಟ ಕೊನೆಗೆ. ಒದ್ದೆ ಹೊದಿಕೆಯನ್ನು ಹಿಂಡಿ ಎತ್ತುವ ಆ ಅಗಲ ಕೈಯನ್ನು ಅವನ ಕಂಕುಳಿಗೆ ಕೊಟ್ಟು, ಅವನ ಭಾರ ಎಷ್ಟೆಂದು ಮೊದಲೇ ಗೊತ್ತಿದ್ದವರಂತೆ ಒಂದೇ ಸಲಕ್ಕೆ ಎಬ್ಬಿಸಿದರು. ಅಂಥ ಕೈಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಎದ್ದು ನಿಂತಾಗ ಅವನ ಗಲ್ಲ ಆಕೆಯ ತಲೆಗಿಂತ ಎತ್ತರದಲ್ಲಿತ್ತು, ಆದರೂ ತಾನು ಈ ಹೆಂಗಸಿನ ಮೊಣಕೈ ಎತ್ತರಕ್ಕೂ ಬರುವವನಲ್ಲ ಎಂದು ಅವನಿಗೆ ಅನಿಸಿತು, ಅನಿಸಿದ್ದಕ್ಕೆ ಯಾಕೋ ಸಂತೋಷವೂ ಆಯಿತು. ಗಂಜಿ ಹಾಕಿದ ಬಟ್ಟೆಯನ್ನು ಇನ್ನು ಡ್ರೈಯರಿಗೆ ಹಾಕಬೇಡಿ, ಮೊದಲು ಒಣಗಿಸಿ, ಆಮೇಲೆ ಗಂಜಿ ಅದ್ದಿ, ಹರವಲು ಉರುಳೆಯ ಕೋಣೆಯಲ್ಲೇ ಹಗ್ಗ ಕಟ್ಟಿಕೊಡುತ್ತೇನೆ, ನಾಳೆ ಬರುತ್ತೇನೆ ಎಂದು ಅವನು ಬೇಗಬೇಗನೆ ಹೇಳಿದ. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದು, ಚಿಕ್ಕದಾಯಿತೆನಿಸಿ, ಹಿಂದಕ್ಕೆ ಹೋಯಿತು.

ಪೆಲಾಗಿಯಾ ಅವನ ತೋಳು ಬಿಟ್ಟಿರಲಿಲ್ಲ.

"ಮಗಳ ಮೇಲೆ ನಂಗೆ ಸಿಟ್ಟಿಲ್ಲ ಮೇಸ್ತ್ರಿಗಳೇ," ಎಂದರು. "ನೀವು ಹೇಳಿದ್ದನ್ನ ಅವಳಿಗಿಂತ ಮುಂಚೆ ನಂಬಿದ್ದು ನಾನು. ಬಾಗಿಲ ಹತ್ರ ನೀವು ಅವಳಿಗೆ ಹೇಳಿದ್ದು ನಂಗೆ ಕೇಳಿಸ್ತು. ಇಷ್ಟು ವರ್ಷದ ಮೇಸ್ತ್ರಿ, ಸುಮ್ನೆ ಯಾಕೆ ಹೇಳ್ತಾರೆ ಅಂದ್ಕೊಂಡೆ. ಅವತ್ತಿಂದ ದಿನಾ ಬೆಳಗ್ಗೆ ಎದ್ದ ಕೂಡ್ಲೆ ಹಾಸಿಗೇಲೇ ಕೂತು ಜೋರಾಗಿ ಹೇಳ್ಕೋತಿದ್ದೆ, ನನ್ನ ಹೆಸರು, ಲುಚಿನಾ ಹೆಸರು, ಸತ್ತವರ ಹೆಸರು, ಈ ಬೀದಿ ಹೆಸರು. ಎಲ್ಲ ಬರೋದು. ಆದ್ರೂ ನಂಬಿಕೆ ಬರ್ತಿರ್ಲಿಲ್ಲ. ಬೇರೆ ಇನ್ನೇನೋ ಹೋಗಿದೆ, ಹೋಗಿರೋದು ನಂಗೆ ಗೊತ್ತಾಗ್ತಿಲ್ಲ ಅಷ್ಟೆ ಅಂತ."

ಅಂಗಳದಿಂದ ಲುಚಿನಾ ಫೋನಿನಲ್ಲಿ ಕೊಳ್ಳಲು ಬರಬೇಕಿದ್ದವರನ್ನು ಸಮಾಧಾನ ಮಾಡುತ್ತಿದ್ದ ದನಿ ಕೇಳುತ್ತಿತ್ತು.

"ಇನ್ನೊಂದ್ಸಲ ಹೇಳಿ," ಎಂದರು ಪೆಲಾಗಿಯಾ.

"ಏನನ್ನ ಅಮ್ಮ?"

"ಈಗ ಅವಳಿಗೆ ಹೇಳಿದ್ರಲ್ಲ. ನಂಗೆ ಹೇಳಿ."

ಅವನು ಗಂಜಿ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನೆಟ್ಟಗೆ ನಿಂತ. "ನೀವು ಮರೆತಿರ್ಲಿಲ್ಲ, ಪೆಲಾಗಿಯಾ ಅಮ್ಮ," ಎಂದ. "ಒಂದು ದಿನಾನೂ ಮರೆತಿರ್ಲಿಲ್ಲ."

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ತಲೆಯನ್ನು ಒಂದಿಷ್ಟು ಅವನ ಕಡೆ ವಾಲಿಸಿ. ಆಮೇಲೆ ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡು, ಇನ್ನೂ ಒಂದು ಸಲ, ಎಂದರು.